ಹತ್ತರಲ್ಲೊಂದು ಗುಡುಗು

ಏಪ್ರಿಲ್ ೪

ವಿವರಗಳು ಈ ಕೆಳಕಂಡಂತಿವೆ:

೧. ಬರೆಯುವವನು: ನ್ಯಾಯಾಲಯದ ಎದುರಿನ ಅರ್ಜಿ ಬರಹಗಾರರ ಕೊಠಡಿಯಲ್ಲಿ ಶುದ್ಧಪ್ರತಿ ಲೇಖಕನಾಗಿದ್ದು ನಿವೃತ್ತನಾದವನು. ವಯಸ್ಸು ಎಪ್ಪತ್ತೊಂದು. ದೃಷ್ಟಿ ಚೆನ್ನಾಗಿದೆ, ಕೈಬರಹ ಅದಕ್ಕಿಂತ ಚೆನ್ನಾಗಿದೆ.

೨. ಹಾಲಿ ವಾಸ: ಹಿರಿಯ ಮಗಳ ಮನೆ, ನಾಲ್ಕನೆಯ ಮಹಡಿ. ತಾತ್ಕಾಲಿಕ.

೩. ಕಾರಣ: ಕಿರಿಯ ಮಗಳ ಹೆರಿಗೆಯ ನಿಮಿತ್ತ ಧರ್ಮಪತ್ನಿಯು ಖಂಡದ ಪೂರ್ವದ ತುದಿಗೆ ಹೋಗಿರುವುದು, ಬರೆಯುವವನಿಗೆ ಅಡುಗೆ ಬಾರದಿರುವುದು. ಈ ಎರಡನೆಯ ಸಂಗತಿಯನ್ನು ಸದರಿ ಧರ್ಮಪತ್ನಿಯು ರೈಲಿನಲ್ಲಿ ಎದುರು ಕುಳಿತ ಅಪರಿಚಿತರಿಗೂ ತಿಳಿಸಿರುವುದು.

೪. ಹಿರಿಯ ಮಗಳ ಉದ್ಯೋಗ: ಗುಡುಗು ಮುನ್ಸೂಚನಾ ಕೇಂದ್ರದಲ್ಲಿ ಅಧಿಕಾರಿ. ಇಡೀ ಖಂಡದಲ್ಲಿ ನಾಳೆ ಎಲ್ಲೆಲ್ಲಿ ಬಿರುಗಾಳಿ, ಸಿಡಿಲು, ಆಲಿಕಲ್ಲು ಆದೀತೆಂದು ಪ್ರತಿದಿನ ನಕ್ಷೆ ಬರೆದು ಪ್ರಕಟಣೆ ಹೊರಡಿಸುವ ಕೆಲಸ. ಈ ಋತುವಿನ ಮಟ್ಟಿಗೆ, ಎಂದರೆ ಮೇ ಕೊನೆಯವರೆಗೆ, ನಕ್ಷೆಗೆ ಅವಳೇ ಮುಖ್ಯಸ್ಥೆ. ಆಮೇಲೆ ಖಾಯಂ ಮಾಡುವುದೋ ಹಳೆಯ ಕುರ್ಚಿಗೆ ಕಳಿಸುವುದೋ ನಿರ್ದೇಶಕರ ಚಿತ್ತ.

೫. ಈ ಪುಸ್ತಕದ ಉದ್ದೇಶ: ಕೈಯ ಅಭ್ಯಾಸ ತಪ್ಪದಂತೆ ನೋಡಿಕೊಳ್ಳುವುದು. ಯಾರಿಗೂ ತೋರಿಸತಕ್ಕದ್ದಲ್ಲ.

ಏಪ್ರಿಲ್ ೫, ಭಾನುವಾರ

ಬೆಳಗಿನ ಉಪಾಹಾರದ ವೇಳೆಯಲ್ಲಿ, ಸಂಜೆ ವಾಯುವಿಹಾರಕ್ಕೆ ಹೊರಡಬಹುದೇ, ಮಳೆ ಬರುವುದೇ ಎಂದು ಮಗಳನ್ನು ವಿಚಾರಿಸಲಾಯಿತು.

"ಹತ್ತರಲ್ಲಿ ಮೂರು, ಅಪ್ಪಾ," ಎಂದಳು, ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ.

"ಏನು ಮೂರು?"

"ಸಾಧ್ಯತೆ."

"ನಾನು ಕೇಳಿದ್ದು ಬರುತ್ತೋ ಇಲ್ವೋ ಅಂತ. ಇದು ಉತ್ತರ ಅಲ್ಲ, ಚೌಕಾಶಿ."

"ಸರಿ. ನೀವೆಷ್ಟಕ್ಕೆ ಕೇಳ್ತೀರಿ?"

ನಾನು ಸೊನ್ನೆಗೆ ಕೇಳಿದೆ. ಅವಳು ಒಪ್ಪಲಿಲ್ಲ. ತಾಯಿಯ ನಾಲಿಗೆ, ತಾಯಿಯ ಹಟ.

ಖಂಡದ ಜನರೆಲ್ಲ ಬಾಯಿ ನೋಡುತ್ತಿರುವ ಒಂದು ಕಚೇರಿಯಿಂದ ಇಂತಹ ಭಾಷೆ ಹೊರಡುತ್ತಿರುವುದು ವಿಷಾದಕರ. ನಾನು ಕೆಲಸಕ್ಕೆ ಸೇರಿದ ದಿನವೇ ನಮ್ಮ ಹಿರಿಯ ಬರಹಗಾರರು ಒಂದು ಪಾಠ ಹೇಳಿದ್ದರು. ಕಕ್ಷಿದಾರ ಬಂದು, "ನನ್ನ ಎಮ್ಮೇನ ಬಹುಶಃ ಪಕ್ಕದ ಮನೆಯವನೇ ಹೊಡ್ಕೊಂಡು ಹೋಗಿರಬಹುದು" ಎನ್ನುತ್ತಾನೆ. ಅದು ಕಚ್ಚಾ ಪ್ರತಿ. ಶುದ್ಧಪ್ರತಿಯಲ್ಲಿ, "ಸದರಿ ಎಮ್ಮೆಯನ್ನು ಪಕ್ಕದ ಮನೆಯವನೇ ಹೊಡೆದುಕೊಂಡು ಹೋಗಿರುತ್ತಾನೆ" ಎಂದಿರಬೇಕು. ಸಂಶಯ ಇರುವುದು ಅರ್ಜಿದಾರನ ಹೊಟ್ಟೆಯಲ್ಲಿ. ಕಾಗದದ ಮೇಲೆ ಅದಕ್ಕೆ ಜಾಗವಿಲ್ಲ. ನನ್ನ ಕೈಯಿಂದ ಹೊರಟ ಯಾವ ಅರ್ಜಿಯಲ್ಲೂ "ಬಹುಶಃ" ಎಂಬ ಪದ ಇರಲಿಲ್ಲ. ಎಮ್ಮೆಗಳು ಸಿಕ್ಕವೋ ಇಲ್ಲವೋ, ಅದು ನನ್ನ ಇಲಾಖೆಗೆ ಬರುವ ವಿಷಯವಲ್ಲ.

ಸಂಜೆ ವಾಯುವಿಹಾರಕ್ಕೆ ಹೋದೆ. ನೆನೆದು ಬಂದೆ. ಮಗಳು ಟವೆಲ್ ಕೊಟ್ಟಳು.

ಏಪ್ರಿಲ್ ೯

ಕಟ್ಟಡದ ಕೆಳ ಅಂತಸ್ತಿನಲ್ಲಿ ಒಂದು ಸೂಚನಾ ಫಲಕವಿದೆ. ಅದರಲ್ಲಿ ಈವರೆಗೆ ಇದ್ದದ್ದು ಎರಡೇ: ನೀರಿನ ತೊಟ್ಟಿ ತೊಳೆಯುವ ಬಗ್ಗೆ ಕಳೆದ ವರ್ಷದ ಸೂಚನೆ ಮತ್ತು ಕಳೆದುಹೋದ ಒಂದು ಚಪ್ಪಲಿಯ ಚಿತ್ರ. ನಾನು ಖಂಡದ ಗುಡುಗನ್ನು ನೋಡಿಕೊಳ್ಳುವ ಅಧಿಕಾರಿಯ ತಂದೆಯೆಂದು ತಿಳಿದಮೇಲೆ ಲಿಫ್ಟಿನಲ್ಲಿ ಸಿಕ್ಕವರೆಲ್ಲ, "ನಾಳೆ ಹೇಗೆ?" ಎಂದು ಕೇಳತೊಡಗಿದ್ದಾರೆ. ಆದಕಾರಣ ಇಂದಿನಿಂದ ಕೇಂದ್ರದ ಪ್ರಕಟಣೆಯನ್ನು ಶುದ್ಧಪ್ರತಿ ಮಾಡಿ ಫಲಕಕ್ಕೆ ಅಂಟಿಸುವ ಕಾರ್ಯವನ್ನು ಸ್ವಯಂ ವಹಿಸಿಕೊಳ್ಳಲಾಗಿದೆ.

ಮಗಳ ಕಚ್ಚಾ ಪ್ರತಿ: "ನಾಳೆ ಮಧ್ಯಾಹ್ನದ ನಂತರ ಪಶ್ಚಿಮದ ಬಯಲಿನಲ್ಲಿ ಗುಡುಗು ಮೋಡಗಳು ಏಳುವ ಸಾಧ್ಯತೆಯಿದ್ದು, ಸಂಜೆಗೆ ಸಾಲುಗಟ್ಟಿ ಪೂರ್ವಕ್ಕೆ ಸರಿಯಬಹುದು. ನಗರದ ಸುತ್ತ ಬಿರುಗಾಳಿಯ ಸಾಧ್ಯತೆ ಹತ್ತರಲ್ಲಿ ಎರಡು."

ನನ್ನ ಶುದ್ಧಪ್ರತಿ: "ನಾಳೆ ಮಧ್ಯಾಹ್ನದ ನಂತರ ಪಶ್ಚಿಮದ ಬಯಲಿನಲ್ಲಿ ಗುಡುಗು ಮೋಡಗಳು ಏಳತಕ್ಕದ್ದು. ಸಂಜೆಗೆ ಸಾಲುಗಟ್ಟಿ ಪೂರ್ವಕ್ಕೆ ಸರಿಯತಕ್ಕದ್ದು. ನಗರದಲ್ಲಿ ಬಿರುಗಾಳಿ ಇರತಕ್ಕದ್ದಲ್ಲ."

ನಿಯಮ ಸರಳ. ಐದು ಮತ್ತು ಐದಕ್ಕೆ ಮೇಲ್ಪಟ್ಟದ್ದು ಉಂಟು. ಐದಕ್ಕೆ ಕಡಿಮೆಯದು ಇಲ್ಲ. ಮೇಲೆ ಕೇಂದ್ರದ ಹೆಸರು, ಕೆಳಗೆ "ಶುದ್ಧಪ್ರತಿ" ಎಂಬ ಷರಾ. ಅಂಚಿಗೆ ಮರದ ಅಳತೆಪಟ್ಟಿಯಿಂದ ಎರಡು ಗೆರೆ.

ಮಗಳು ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಿ ಅಲ್ಲಿಂದಲೇ ಲಿಫ್ಟು ಹತ್ತುವುದರಿಂದ ಫಲಕವನ್ನು ನೋಡುವುದಿಲ್ಲ. ಹೇಳಿ ಹೊಗಳಿಸಿಕೊಳ್ಳುವುದು ನನ್ನ ಸ್ವಭಾವವಲ್ಲ.

ಏಪ್ರಿಲ್ ೧೫

ಫಲಕದ ಮುಂದೆ ಗುಂಪು ಸೇರುತ್ತಿದೆ. ಮೊದಲ ಮಹಡಿಯ ಡ್ರಾಯಿಂಗ್ ಮೇಷ್ಟ್ರು, "ಟೀವಿಯವರು ಹಾಗೂ ಆಗಬಹುದು, ಹೀಗೂ ಆಗಬಹುದು ಅಂತಾರೆ. ನಿಮ್ಮದು ಒಂದೇ ಏಟು," ಎಂದರು. ಕೆಲವರು ನನ್ನನ್ನು "ಅರ್ಜಿ ತಾತ" ಎಂದು ಕರೆಯುತ್ತಿರುವುದು ಗಮನಕ್ಕೆ ಬಂದಿದೆ. ಈ ಬಗ್ಗೆ ಅಸಮಾಧಾನ ದಾಖಲಿಸಲಾಗಿದೆ.

ಧರ್ಮಪತ್ನಿಯ ದೂರವಾಣಿ ಕರೆ. ಕಿರಿಯಳಿಗೆ ಹೆಣ್ಣು ಮಗು. ಮೂಗು ನನ್ನದಂತೆ. ಅದನ್ನು ಹೇಳುವಾಗ ಅವಳ ದನಿ ಸಂತಾಪ ಸೂಚಿಸುವಂತಿತ್ತು.

"ಅಲ್ಲೇನು ಮಾಡ್ತಿದೀರಿ ದಿನಾ? ಅವಳಿಗೆ ತಲೆ ತಿಂತಿಲ್ಲ ತಾನೆ?"

"ಅವಳ ಕಚೇರಿಗೆ ಸಹಾಯ ಮಾಡ್ತಿದೀನಿ."

"ಅಯ್ಯೋ ಪಾಪ," ಎಂದಳು. ಯಾರಿಗೆ ಎಂದು ಹೇಳಲಿಲ್ಲ.

ಏಪ್ರಿಲ್ ೨೫

ಕೆಳ ಅಂತಸ್ತಿನ ಶಾಮಿಯಾನದವನು ಬಂದಿದ್ದ. ಕಂಬ, ಹಗ್ಗ, ಬಟ್ಟೆಗಳ ಉಗ್ರಾಣದ ಪಕ್ಕದಲ್ಲೇ ಅವನ ಸಂಸಾರ. ನಾಳೆ ಭಾನುವಾರ ಕಟ್ಟಡದ ಸಂಘದ ವಾರ್ಷಿಕೋತ್ಸವ, ಹಿಂದಿನ ಬಯಲಿನಲ್ಲಿ. ದೊಡ್ಡ ಶಾಮಿಯಾನವನ್ನೇ ಹಾಕಬೇಕೆಂದು ಅಧ್ಯಕ್ಷರ ಅಪ್ಪಣೆಯಾಗಿದೆಯಂತೆ.

"ಯಜಮಾನ್ರೇ, ದೊಡ್ಡದು ಗಾಳಿಗೆ ಪಟ ಇದ್ದಂಗೆ. ಹಾಕ್ಲಾ, ಬೇಡ್ವಾ? ನೀವು ಒಂದ್ ಮಾತು ಹೇಳಿ."

ಭಾನುವಾರದ ಪ್ರಕಟಣೆ: ಬಿರುಗಾಳಿಯ ಸಾಧ್ಯತೆ ಹತ್ತರಲ್ಲಿ ಒಂದು. ಒಂದು ಐದಕ್ಕಿಂತ ಕಡಿಮೆ.

"ಹಾಕು," ಎಂದೆ.

ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು. ಜನರಿಗೆ ಬೇಕಾಗಿರುವುದು ಇದು. ಮಗಳಿಗೆ ಇದೇಕೆ ತಿಳಿಯುವುದಿಲ್ಲವೋ.

ಏಪ್ರಿಲ್ ೨೬, ಭಾನುವಾರ

ಶಾಮಿಯಾನ ಹೋಯಿತು.

ಏಪ್ರಿಲ್ ೨೭

ನಿನ್ನೆ ವಿವರ ಬರೆಯುವ ಸ್ಥಿತಿಯಲ್ಲಿರಲಿಲ್ಲ.

ಅಧ್ಯಕ್ಷರು ಸಂಘದ ಭದ್ರ ಬುನಾದಿಯ ಬಗ್ಗೆ ಮಾತಾಡುತ್ತಿದ್ದರು. ಪಶ್ಚಿಮದ ಕಡೆ ಆಕಾಶ ಮಸಿ ಚೆಲ್ಲಿದ ಹಾಗಾಯಿತು. ಮೊದಲು ಒಂದು ತಣ್ಣನೆಯ ಗಾಳಿ ಬಂದು ಕಾಗದದ ಲೋಟಗಳನ್ನು ಉರುಳಿಸಿತು, ಜನ ಹಾಯೆನಿಸಿತೆಂದರು. ಎರಡನೆಯ ಗಾಳಿಗೆ ಶಾಮಿಯಾನ ಹೊಟ್ಟೆ ತುಂಬಿಸಿಕೊಂಡು, ಮೂರನೆಯದಕ್ಕೆ ಎದ್ದು, ಕಾಂಪೌಂಡು ದಾಟಿ, ರಸ್ತೆಯಾಚೆಯ ಬಸ್ ನಿಲ್ದಾಣದ ಮೇಲೆ ಕವಚಿಕೊಂಡಿತು. ಯಾರಿಗೂ ಪೆಟ್ಟಾಗಲಿಲ್ಲ. ಒಳಗಿದ್ದವರಲ್ಲಿ ಒಬ್ಬರು, "ಬಸ್ಸು ಬಂತಾ ನೋಡಿ," ಎಂದು ಕೇಳುತ್ತಿದ್ದುದು ಹೊರಗೆ ಕೇಳಿಸುತ್ತಿತ್ತು. ಮೈಕು ಮಾತ್ರ ಅಧ್ಯಕ್ಷರ ಕೈಯಲ್ಲೇ ಉಳಿಯಿತು. ಅವರು ಮಳೆಯಲ್ಲಿ ನಿಂತು ಭಾಷಣವನ್ನು ಮುಗಿಸಿದರೆಂಬುದನ್ನು ನ್ಯಾಯದ ದೃಷ್ಟಿಯಿಂದ ದಾಖಲಿಸುತ್ತೇನೆ.

ಶಾಮಿಯಾನದವನು ನನ್ನ ಕಡೆ ನೋಡಲಿಲ್ಲ. ಹರಿದ ಬಟ್ಟೆಯನ್ನು ಒಬ್ಬನೇ ಮಡಿಸುತ್ತಿದ್ದ. ನಾನು ಒಂದು ತುದಿ ಹಿಡಿದುಕೊಂಡೆ. ಬಿಡಿ ಎನ್ನಲಿಲ್ಲ, ಹಿಡೀರಿ ಎಂದೂ ಅನ್ನಲಿಲ್ಲ.

ಏಪ್ರಿಲ್ ೨೮

ಸಂಘದ ಅಧ್ಯಕ್ಷರು ಕೇಂದ್ರಕ್ಕೆ ದೂರು ಕೊಟ್ಟಿದ್ದಾರೆ. ಜೊತೆಗೆ ಫಲಕದಿಂದ ಕಿತ್ತ ಶುದ್ಧಪ್ರತಿ. ನಿರ್ದೇಶಕರು ಮಗಳನ್ನು ಕರೆಸಿದ್ದರಂತೆ.

ಸಂಜೆ ಬಂದವಳು ಚಪ್ಪಲಿ ಬಿಟ್ಟು, ಕೈ ತೊಳೆದು, ನನ್ನ ಎದುರು ಕುಳಿತು, ಬಹಳ ಮೆತ್ತಗೆ ಕೇಳಿದಳು: "ಅಪ್ಪಾ, ನನ್ನ ಹತ್ತರಲ್ಲೊಂದು ಎಲ್ಲಿ ಹೋಯ್ತು?"

"ತೆಗೆದೆ. ವಾಕ್ಯದ ಮುಖ ಕೆಡಿಸ್ತಿತ್ತು."

"ಮುಖ."

"ಐದಕ್ಕಿಂತ ಕಡಿಮೆ ಇತ್ತಲ್ಲ. ನೀನು ಒಂದು ಅಂದಿದ್ದೆ, ಬಂತು. ತಪ್ಪಿದ್ದು ನಿನ್ನದೂ ಹೌದಲ್ಲವಾ?"

"ಅಲ್ಲ," ಎಂದಳು. "ಹತ್ತರಲ್ಲೊಂದು ಅಂತ ಹತ್ತು ದಿನ ಹೇಳಿದ್ರೆ ಒಂದು ದಿನ ಬರಲೇಬೇಕು. ಯಾವತ್ತೂ ಬರದೇ ಇದ್ರೆ ಅದು ನನ್ನ ಸುಳ್ಳು. ಆ ಒಂದು ದಿನಕ್ಕೆ ಅಂತಲೇ ಆ ಒಂದನ್ನ ಇಟ್ಟಿರ್ತೀನಿ ಅಪ್ಪಾ. ನೀವು ಅದನ್ನೇ ಕಿತ್ಹಾಕಿದ್ರಿ."

ನಿರ್ದೇಶಕರಿಗೆ ಏನು ಹೇಳಿದೆ ಎಂದು ಕೇಳಿದೆ. ತನ್ನ ಮನೆಯಿಂದ ಹೋದದ್ದು, ಹೊಣೆ ತನ್ನದೇ ಎಂದಳಂತೆ. ಖಾಯಂ ಮಾಡುವ ವಿಷಯ ಎತ್ತಿದ್ದಕ್ಕೆ ಅವರು, "ಮೇ ಮುಗಿಯಲಿ, ನೋಡೋಣ," ಎಂದು ಫೈಲು ಮುಚ್ಚಿದರಂತೆ. ಫೈಲು ಮುಚ್ಚುವ ಸದ್ದನ್ನು ನಾನು ಬಲ್ಲೆ.

"ನಾನೇ ನಿರ್ದೇಶಕರಿಗೆ ಒಂದು ಅರ್ಜಿ..."

"ಬೇಡ ಅಪ್ಪಾ. ಕೈ ಮುಗಿತೀನಿ. ಅರ್ಜಿ ಮಾತ್ರ ಬೇಡ."

ಏಪ್ರಿಲ್ ೩೦

ಬರೆಯತಕ್ಕ ವಿಷಯ ಯಾವುದೂ ಇರುವುದಿಲ್ಲ.

ಮೇ ೫

ಮಗಳು ನನ್ನನ್ನು ಕಚೇರಿಗೆ ಕರೆದೊಯ್ದಳು. "ಒಂದು ಸಲ ನೋಡಿ. ಆಮೇಲೆ ಎಷ್ಟು ಬೇಕಾದ್ರೂ ಬೈರಿ," ಎಂದಿದ್ದಳು.

ಕಿಟಕಿಯಿಲ್ಲದ ಕೋಣೆ. ಆಕಾಶದ ಕೆಲಸ ಮಾಡುವವರಿಗೆ ಆಕಾಶ ಕಾಣದಂತೆ ಕಟ್ಟಿದ ಎಂಜಿನಿಯರನ ಬಗ್ಗೆ ಒಂದು ಅರ್ಜಿ ಬರೆಯಬಹುದು. ಗೋಡೆಯ ತುಂಬ ಪರದೆಗಳು, ಅವುಗಳಲ್ಲಿ ಖಂಡದ ಮೇಲೆ ಹರಿದಾಡುವ ಬಣ್ಣಗಳು. ಆದರೆ ನಡುವೆ ಒಂದು ದೊಡ್ಡ ಮೇಜು, ಅದರ ಮೇಲೆ ಕಾಗದದ ನಕ್ಷೆ, ಮತ್ತು ನನ್ನ ಕಣ್ಣುಗಳನ್ನು ನಾನೇ ನಂಬಲಿಲ್ಲ, ಪೆನ್ಸಿಲ್ಲು. ಯಂತ್ರ ಎಲ್ಲ ಲೆಕ್ಕ ಹಾಕಿ ಕೊಟ್ಟಮೇಲೂ ಮುಖ್ಯಸ್ಥೆಯಾದವಳು ಕೈಯಿಂದಲೇ ಗೆರೆ ಎಳೆಯಬೇಕು. ಈ ಗೆರೆಯೊಳಗೆ ಹತ್ತರಲ್ಲಿ ಒಂದು, ಅದರೊಳಗಿನ ಗೆರೆಗೆ ಮೂರು. ಎಳೆದಳು, ದೂರದಿಂದ ನೋಡಿದಳು, ಅಳಿಸಿದಳು, ಬೆರಳಿನ ಅಗಲದಷ್ಟು ಉತ್ತರಕ್ಕೆ ಸರಿಸಿ ಮತ್ತೆ ಎಳೆದಳು. ಗೆರೆಯ ಓಟ ನನ್ನದೇ. ಅವಳಿಗೆ ಅಕ್ಷರ ತಿದ್ದಿಸಿದವನು ನಾನು.

"ಅಷ್ಟು ಸಲ ಅಳಿಸ್ತೀಯಲ್ಲ, ಒಂದು ಬೆರಳಿಗೆ ಏನಾಗುತ್ತೆ?"

"ಒಂದು ಬೆರಳಲ್ಲಿ ಎರಡು ಊರಿದೆ ಅಪ್ಪಾ."

ಗುಡುಗು ಹುಟ್ಟುವ ಬಗೆಯನ್ನೂ ತಿಳಿಸಿದಳು. ಕೆಳಗೆ ಬಿಸಿ, ತೇವದ ಗಾಳಿ, ಮೇಲೆ ತಂಪು, ಎತ್ತರ ಏರಿದಂತೆ ದಿಕ್ಕು ಬದಲಿಸುವ ಗಾಳಿ, ಅದು ಮೋಡವನ್ನು ತಿರುಚಿ ನಿಲ್ಲಿಸುತ್ತದೆ. ಇವೆಲ್ಲ ಇದ್ದೂ ಕೆಲವು ದಿನ ಏನೂ ಆಗುವುದಿಲ್ಲ, ಏಕೆಂದರೆ ನಡುವೆ ಒಂದು ಬೆಚ್ಚನೆಯ ಗಾಳಿಯ ಪದರ ಪಾತ್ರೆಯ ಮುಚ್ಚಳದ ಹಾಗೆ ಕುಳಿತಿರುತ್ತದೆ. ಮುಚ್ಚಳ ಗಟ್ಟಿಯಿದ್ದರೆ ದಿನವಿಡೀ ಬಿಸಿಲು, ಜನ ಇವರನ್ನು ಆಡಿಕೊಳ್ಳುತ್ತಾರೆ. ಸಂಜೆಗೆ ಅದು ಹಾರಿತೋ, ಬೆಳಗಿನಿಂದ ಕುದಿದದ್ದೆಲ್ಲ ಒಮ್ಮೆಗೇ ಮೇಲೇಳುತ್ತದೆ.

"ಹಾರುತ್ತೋ ಇಲ್ವೋ ಅಂತ ನಿಮಗೆ ಗೊತ್ತಾಗೋದು ಯಾವಾಗ?"

"ಹಾರಿದ ಮೇಲೆ," ಎಂದಳು. ಪಕ್ಕದಲ್ಲಿದ್ದವರು ನಕ್ಕರು. ನಾನೂ ನಕ್ಕೆನೆಂದು ಮಗಳು ಹೇಳುತ್ತಾಳೆ. ನನಗೆ ನೆನಪಿಲ್ಲ.

ಟೀ ಯಂತ್ರದ ಬಳಿ ನಿರ್ದೇಶಕರು ಸಿಕ್ಕರು. ಒಣಗಿದ ಮನುಷ್ಯ, ಒಳ್ಳೆಯ ಕನ್ನಡಕ. "ನಿಮ್ಮ ಮಗಳು ಗಟ್ಟಿಗಿತ್ತಿ. ಆದರೆ ಯಾರೋ ಮಹಾನುಭಾವ ಅವಳ ಪ್ರಕಟಣೆಗೆ ಇಸ್ತ್ರಿ ಹಾಕಿ ಮಡಿಕೆಗಳನ್ನೆಲ್ಲ ತೆಗೆದುಬಿಟ್ಟಿದ್ದಾನೆ. ಯಾರು ಅಂತ ಅವಳು ಹೇಳ್ತಿಲ್ಲ. ನಿಮಗೇನಾದ್ರೂ ಗೊತ್ತಾ?"

ಟೀ ಬಹಳ ಬಿಸಿಯಿತ್ತು. ಬಾಯಿ ಸುಟ್ಟಿದ್ದರಿಂದ ಉತ್ತರಿಸುವ ಸ್ಥಿತಿಯಲ್ಲಿರಲಿಲ್ಲ.

ಮೇ ೭

ಫಲಕದಲ್ಲಿ ಹೊಸ ಶುದ್ಧಪ್ರತಿ. ಮಗಳ ಅಂಕಿಗಳು ಇದ್ದದ್ದು ಇದ್ದ ಹಾಗೆ. ಅಂಕಿಯ ಸುತ್ತ ಕೆಂಪು ಶಾಯಿಯ ಚೌಕ, ಇನ್ನು ಮೇಲೆ ಯಾವನೂ ಕೀಳದಂತೆ.

ಸಾರ್ವಜನಿಕ ಪ್ರತಿಕ್ರಿಯೆ ತೃಪ್ತಿಕರವಾಗಿಲ್ಲ. ಡ್ರಾಯಿಂಗ್ ಮೇಷ್ಟ್ರು ಬಹಳ ಹೊತ್ತು ಓದಿ, "ಹತ್ತರಲ್ಲಿ ನಾಲ್ಕು ಅಂದ್ರೆ ಅರ್ಧ ಕೊಡೆ ತಗೊಂಡು ಹೋಗ್ಲಾ?" ಎಂದು ಕೇಳಿದರು. ಅಧ್ಯಕ್ಷರು, "ಮೊದಲು ತಪ್ಪಾದರೂ ತಿಳಿಯುವ ಹಾಗಿತ್ತು," ಎಂದರು.

ನಾನು ವಿವರಿಸಿದೆ. ಹತ್ತರಲ್ಲೊಂದು ಎಂದು ಹತ್ತು ದಿನ ಹೇಳಿದರೆ ಒಂದು ದಿನ ಬರಲೇಬೇಕು, ಆ ಒಂದನ್ನು ಆ ದಿನಕ್ಕೆಂದೇ ಇಟ್ಟಿರುವುದು ಎಂದೆ. ಇದನ್ನು ಯಾರು ಹೇಳಿದರು ಎಂದು ಮೇಷ್ಟ್ರು ಕೇಳಿದರು. ಇದು ಎಲ್ಲರಿಗೂ ತಿಳಿದ ಸಾಮಾನ್ಯ ಸಂಗತಿ ಎಂದು ಉತ್ತರಿಸಿದೆ.

ಮೇ ೧೩

ಶಾಮಿಯಾನದವನು ಮಾತಾಡಿದ. ಅಂಕಿಯನ್ನು ಅರ್ಥ ಮಾಡಿಕೊಂಡವನು ಈ ಕಟ್ಟಡದಲ್ಲಿ ಅವನೊಬ್ಬನೇ.

"ಯಜಮಾನ್ರೇ, ನಾನೊಂದು ಲೆಕ್ಕ ಇಟ್ಕೊಂಡಿದೀನಿ. ಒಂದು ಅಂದ್ರೆ ಮಾಮೂಲಿ ಹಗ್ಗ. ಎರಡು ಅಂದ್ರೆ ಕಂಬಕ್ಕೆ ಇನ್ನೊಂದು ಹಗ್ಗ. ಮೂರು ಅಂದ್ರೆ ಸಣ್ಣ ಬಟ್ಟೆ. ನಾಲ್ಕು ಅಂದ್ರೆ, ದೊಡ್ಡೋರು ಏನೇ ಹೇಳ್ಲಿ, ಬಿಚ್ಚೋದೇ."

"ನಾಲ್ಕು ಅಂದ್ರೂ ಬರದೇ ಇರೋದೇ ಹೆಚ್ಚಪ್ಪ."

"ಇರಲಿ ಬಿಡಿ. ಸುಮ್ನೆ ಬಿಚ್ಚಿದ್ರೆ ಬೆನ್ನು ನೋಯುತ್ತೆ. ಬಿಚ್ಚದೇ ಇದ್ರೆ ಬಸ್ ಸ್ಟಾಪಿಗೆ ಓಡಬೇಕು."

ಇದನ್ನು ಮಗಳಿಗೆ ಹೇಳಿದೆ. ಅವಳು ಊಟ ನಿಲ್ಲಿಸಿ, "ಇನ್ನೊಂದ್ಸಲ ಹೇಳಿ," ಎಂದು ಎರಡು ಬಾರಿ ಹೇಳಿಸಿಕೊಂಡಳು. ನಮ್ಮ ಕೇಂದ್ರದವರು ವರ್ಷವಿಡೀ ಸಭೆ ನಡೆಸಿ ಜನರಿಗೆ ತಿಳಿಸಲಾಗದ್ದು ಇದೇ ಎಂದಳು.

"ನಮ್ಮ ಕೇಂದ್ರದವರು" ಎಂದು ಬರೆದಿದ್ದೇನೆ. "ಅವಳ" ಎಂದು ಓದಿಕೊಳ್ಳತಕ್ಕದ್ದು.

ಮೇ ೨೧

ಧರ್ಮಪತ್ನಿಯ ಕರೆ. ಜೂನ್ ಮೊದಲ ವಾರ ಹೊರಡುವ ಯೋಚನೆಯಿದೆ, ದಾರಿಯಲ್ಲಿ ಗುಡುಗು ಮಳೆ ಸಿಗುತ್ತದೆಯೇ ಎಂದು ಕೇಳಿದಳು.

"ಗೊತ್ತಿಲ್ಲ ಕಣೇ. ಅಷ್ಟು ದೂರದ್ದು ಈಗಲೇ ಹೇಳೋಕಾಗಲ್ಲ."

"ಏನಂದ್ರಿ?"

"ಗೊತ್ತಿಲ್ಲ ಅಂದೆ."

"ರೀ, ಮೈ ಹುಷಾರಾಗಿದೆಯಾ ನಿಮಗೆ? ಜ್ವರ ಏನಾದ್ರೂ ಬಂದಿದೆಯಾ? ಫೋನು ಅವಳಿಗೆ ಕೊಡಿ."

ಮಗಳ ಜೊತೆ ಬಹಳ ಹೊತ್ತು ಮಾತಾಡಿದಳು. ಇಬ್ಬರೂ ನಗುತ್ತಿದ್ದರು. ಯಾತಕ್ಕೆಂದು ತಿಳಿಯಲಿಲ್ಲ. ನಾನು ಸರಳವಾದ ಒಂದು ಪ್ರಶ್ನೆಗೆ ಸರಳವಾದ ಉತ್ತರ ಕೊಟ್ಟಿದ್ದೆ.

ಮೇ ೨೯

ಬೆಳಿಗ್ಗೆ ಮಗಳು ಟೀ ಆರಲು ಬಿಟ್ಟು ಕುಳಿತಿದ್ದಳು. ನಾಳೆಯ ನಕ್ಷೆಯಲ್ಲಿ ನಮ್ಮ ನಗರದ ಸುತ್ತಲೇ ಗೆರೆ ಎಳೆಯಬೇಕೆಂದಿದ್ದಾಳೆ: ದೊಡ್ಡ ಆಲಿಕಲ್ಲು, ಹತ್ತರಲ್ಲಿ ನಾಲ್ಕು. ನಿರ್ದೇಶಕರಿಗೆ ಒಪ್ಪಿಗೆಯಿಲ್ಲ. ಮುಚ್ಚಳ ಗಟ್ಟಿಯಿದೆ, ಒಂದು ಮೋಡವೂ ಏಳುವುದಿಲ್ಲ ಎನ್ನುತ್ತಾರೆ. ಯಂತ್ರಗಳಲ್ಲೂ ಅರ್ಧ ಅವರ ಕಡೆ. ಕೊನೆಗೆ, "ಎಳೆಯಮ್ಮ. ಸಹಿ ನಿನ್ನದು," ಎಂದರಂತೆ.

ಕೇಂದ್ರದ ನಿಯಮದ ಪ್ರಕಾರ ಐದು ಸೆಂಟಿಮೀಟರು ಮುಟ್ಟಿದರೆ ಮಾತ್ರ "ದೊಡ್ಡ" ಆಲಿಕಲ್ಲು. ಗೆರೆಯೊಳಗೆ ಅಂಥದ್ದು ಬಿದ್ದುದಕ್ಕೆ ಅಳತೆ ಮಾಡಿದವರ ಸಾಕ್ಷಿ ಬೇಕು. ಇಲ್ಲದಿದ್ದರೆ ಊರನ್ನು ಸುಮ್ಮನೆ ಬೆದರಿಸಿದಂತೆ ಲೆಕ್ಕ. ಶಾಮಿಯಾನದ ಪ್ರಕರಣದ ಮೇಲೆ ಇದೂ ಸೇರಿದರೆ ಹಳೆಯ ಕುರ್ಚಿಯೇ ಗತಿ.

"ನಾಲ್ಕನ್ನ ಎರಡು ಮಾಡಿದ್ರೆ? ಯಾರಿಗೂ ಬೇಜಾರಿಲ್ಲ," ಎಂದೆ.

"ನಾಲ್ಕು ಅನ್ಸುತ್ತೆ ಅಪ್ಪಾ."

"ಹಾಗಾದ್ರೆ ನಾಲ್ಕು."

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಆಮೇಲೆ ಆರಿದ ಟೀಯನ್ನು ಒಂದೇ ಗುಟುಕಿಗೆ ಕುಡಿದು ಹೊರಟಳು.

ನಾಳೆಯೇ ಅಧ್ಯಕ್ಷರ ವಾರ್ಷಿಕೋತ್ಸವ, ಎರಡನೆಯ ಪ್ರಯತ್ನ. ಫಲಕದಲ್ಲಿ ನಾಲ್ಕು ಎಂದು ಬರೆದು ಕೆಂಪು ಚೌಕ ಹಾಕಿದೆ.

ಮೇ ೩೦

ಬೆಳಿಗ್ಗೆ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಶಾಮಿಯಾನದವನು ಫಲಕ ನೋಡಿದ, ಹಾಕಿದ್ದ ಶಾಮಿಯಾನದ ಹಗ್ಗ ಬಿಚ್ಚಲು ಕುಳಿತ. ಅಧ್ಯಕ್ಷರು ಅವನನ್ನು ಬಿಟ್ಟು ನನ್ನ ಹತ್ತಿರ ಬಂದರು.

"ಅಂದು ಬರಲ್ಲ ಅಂದ್ರಿ, ಬಂತು. ಇವತ್ತು ಬರುತ್ತೆ ಅಂತೀರಿ. ಮೇಲೆ ನೋಡಿ ಸ್ವಾಮಿ, ಒಂದು ಕಾಗೆ ಕೂಡ ಇಲ್ಲ."

"ಬರುತ್ತೆ ಅಂತ ನಾನು ಹೇಳಿಲ್ಲ. ನಾಲ್ಕು ಅಂದಿದೀನಿ. ಬರದೇ ಇರೋದು ಆರು."

"ಮತ್ತೆ ಬಿಚ್ಚೋದ್ಯಾಕೆ?"

"ಬಂದರೆ ನಿಂಬೆಹಣ್ಣಿನ ಗಾತ್ರದ ಕಲ್ಲು ಬರುತ್ತೆ. ತಲೆ ಒಂದೇ ಇರೋದು, ಅದಕ್ಕೆ."

ವಾರ್ಷಿಕೋತ್ಸವ ನೆಲಮಾಳಿಗೆಗೆ ಇಳಿಯಿತು. ಪೆಟ್ರೋಲಿನ ವಾಸನೆಯ ನಡುವೆ, ಎರಡು ಸ್ಕೂಟರುಗಳ ಮಧ್ಯೆ ನಿಂತು ಅಧ್ಯಕ್ಷರು ಮತ್ತೆ ಭದ್ರ ಬುನಾದಿಯಿಂದ ಆರಂಭಿಸಿದರು. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಮಧ್ಯಾಹ್ನ ಕಳೆಯಿತು. ಮೇಲೆ ಹೋಗಿ ನೋಡಿ ಬಂದೆ: ಬಿಸಿಲು. ಮತ್ತೆ ಹೋದೆ: ಬಿಸಿಲು. ಮುಚ್ಚಳ ಕುಳಿತೇ ಇತ್ತು. ಕಿಟಕಿಯಿಲ್ಲದ ಕೋಣೆಯಲ್ಲಿ ಮಗಳು ಪರದೆಯನ್ನು ನೋಡುತ್ತಾ ಕುಳಿತಿರಬಹುದೆಂದು ನೆನೆದೆ. ನಾಲ್ಕು ಅಂದರೆ ನಾಲ್ಕೇ, ಆರು ಅವಳ ವಿರುದ್ಧವೇ ಇದೆ ಎಂದು ನನಗೆ ನಾನೇ ಎರಡು ಮೂರು ಬಾರಿ ಹೇಳಿಕೊಂಡೆ. ಅದರಿಂದ ಯಾವ ಉಪಯೋಗವೂ ಆಗಲಿಲ್ಲ.

ಮೂರನೆಯ ಸಲ ಹೋದಾಗ ಪಶ್ಚಿಮದಲ್ಲಿ ಒಂದು ಬಿಳಿಯ ಗೋಪುರ. ನೋಡುತ್ತಿದ್ದಂತೆ ಮೇಲೆ ಮೇಲೆ ಹೋಗಿ, ತುದಿ ಅಗಲವಾಗಿ ಹರಡಿಕೊಂಡು, ಬುಡ ಹಸಿರುಗಪ್ಪಾಯಿತು. ಆಮೇಲಿನದು ಕಟ್ಟಡವೆಲ್ಲ ಕೇಳಿದ್ದು. ತಗಡಿನ ಮೇಲೆ ಯಾರೋ ಗೋಣಿಚೀಲದಿಂದ ಕಲ್ಲು ಸುರಿದಂತೆ. ಅಧ್ಯಕ್ಷರ ಭಾಷಣ ತುಟಿಯಲ್ಲಿ ಮಾತ್ರ ಕಾಣುತ್ತಿತ್ತು.

ನಾನು ಅಡಿಗೆಯ ಪಾತ್ರೆಯೊಂದನ್ನು ತಲೆಗೆ ಕವಚಿಕೊಂಡು ಬಯಲಿಗೆ ಓಡಿದೆ. ಈ ವಾಕ್ಯವನ್ನು ಧರ್ಮಪತ್ನಿ ಎಂದೂ ಓದಕೂಡದು. ಹಿಂದೆಯೇ ಶಾಮಿಯಾನದವನು, ಮಡಿಸಿದ ಬಟ್ಟೆಯನ್ನು ತಲೆಯ ಮೇಲೆ ಹೊತ್ತು. ಹುಲ್ಲಿನ ಮೇಲೆ ಆಯ್ದು ಆಯ್ದು ದೊಡ್ಡದೊಂದನ್ನು ಹಿಡಿದು ಒಳಗೆ ತಂದೆವು. ಅಳತೆಪಟ್ಟಿ ನಾಲ್ಕನೆಯ ಮಹಡಿಯಲ್ಲಿ. ಕರೆಂಟು ಹೋಗಿ ಲಿಫ್ಟು ನಿಂತಿತ್ತು. "ಇದನ್ನ ಜೋಪಾನವಾಗಿ ಹಿಡ್ಕೊ," ಎಂದು ಅವನ ಕೈಗೆ ಕೊಟ್ಟು ಮೆಟ್ಟಿಲು ಹತ್ತಿದೆ. ಮೊಣಕಾಲು ನನ್ನ ಮಾತು ಕೇಳುವುದನ್ನು ಬಿಟ್ಟು ಬಹಳ ವರ್ಷಗಳಾಗಿವೆ.

ಇಳಿದು ಬಂದಾಗ ಅವನು ಮರಿ ಕೋಳಿಯನ್ನು ಹಿಡಿದಂತೆ ಎರಡೂ ಅಂಗೈ ಮುಚ್ಚಿ, ಎದೆಗೆ ಅವಚಿಕೊಂಡು 'ಜೋಪಾನವಾಗಿ' ನಿಂತಿದ್ದ. ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಅಳೆದೆ. ನಾಲ್ಕು ಸೆಂಟಿಮೀಟರು, ಅದರ ಮೇಲೆ ಪಟ್ಟಿಯ ಎಂಟು ಸಣ್ಣ ಗೆರೆ. ಐದಕ್ಕೆ ಎರಡು ಗೆರೆ ಕಡಿಮೆ.

ಹುಲ್ಲಿನ ಮೇಲಿನವು ಅಷ್ಟು ಹೊತ್ತಿಗೆ ಮಳೆಗೆ ಸಿಕ್ಕಿ ಬಟಾಣಿಯಾಗಿದ್ದವು.

"ಐದು ಅಂತ ಬರ್ಕೊಳ್ಳಿ ಯಜಮಾನ್ರೇ," ಎಂದ ಶಾಮಿಯಾನದವನು. "ಎರಡು ಗೆರೆ ನನ್ನ ಕೈಯಲ್ಲೇ ಕರಗಿದ್ದು. ನಾನೂ ಸಹಿ ಹಾಕ್ತೀನಿ."

ಐದು ಎಂದು ಬರೆಯುವುದು ಕಷ್ಟವಲ್ಲ. ನಮ್ಮ ಕೊಠಡಿಯಲ್ಲಿ ಒಂದು ಮೇಕೆ ಕಳೆದುಕೊಂಡವನಿಗೆ ನಾನು ಮಂದೆಯನ್ನೇ ಬರೆದುಕೊಟ್ಟಿದ್ದೇನೆ. ಪೆನ್ನಿನ ಮುಚ್ಚಳ ತೆಗೆದು ಕುಳಿತೆ. ಅಷ್ಟರಲ್ಲಿ ಮಗಳ ಫೋನು.

"ಅಪ್ಪಾ, ಅಲ್ಲಿ ಬಿತ್ತಾ? ಅಳತೆ ಸಿಕ್ತಾ?"

"ಸಿಕ್ತು. ನಾಲ್ಕು ಸೆಂಟಿಮೀಟರು ಎಂಟು ಗೆರೆ. ಆದರೆ ಅದು ಅಳೆದಾಗ. ಬಿದ್ದಾಗ ಇನ್ನೂ ದೊಡ್ಡದಿತ್ತು. ಎಷ್ಟು ದೊಡ್ಡದು, ನನಗೆ ಗೊತ್ತಿಲ್ಲ."

"ಎಷ್ಟು ಹೊತ್ತು ಆಚೆ ಇತ್ತು?"

"ನಾನು ನಾಲ್ಕು ಮಹಡಿ ಹತ್ತಿ ಇಳಿಯುವಷ್ಟು. ಮೊಣಕಾಲು ನೋವು ಸೇರಿ."

"ಎಲ್ಲಿಟ್ಟಿದ್ರಿ?"

"ಶಾಮಿಯಾನದವನ ಮುಷ್ಟಿಯಲ್ಲಿ."

ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳಲಾರೆ. "ಅಷ್ಟೇ ಬರೀರಿ ಅಪ್ಪಾ. ಇದ್ದದ್ದು ಇದ್ದ ಹಾಗೆ. ಕರಗಿದ್ದನ್ನ ನಾವಿಲ್ಲಿ ಲೆಕ್ಕ ಹಾಕ್ತೀವಿ. ಕಲ್ಲನ್ನ ಫ್ರೀಜರಿನಲ್ಲಿಡಿ."

ಕಲ್ಲು ಈಗ ಸ್ಟೀಲ್ ಡಬ್ಬಿಯಲ್ಲಿ, ಹಸಿ ಬಟಾಣಿಯ ಪಕ್ಕದಲ್ಲಿದೆ. ಕರೆಂಟು ಬಂದಿದೆ.

ಮೇ ೩೧, ಭಾನುವಾರ

ಮಗಳು ನಿರ್ದೇಶಕರ ತೀರ್ಮಾನ ನಾಳೆಯೆಂದಳು. ಖಾಯಂ ಆಗಬಹುದೇ ಎಂದು ಕೇಳಿದೆ.

"ಹತ್ತರಲ್ಲಿ ಆರು," ಎಂದಳು.

"ಆರು ಒಳ್ಳೆಯ ಅಂಕಿ," ಎಂದೆ. ಇಬ್ಬರೂ ಬ್ರೆಡ್ಡು ತಿಂದೆವು.

ಅರ್ಜಿ ಬರೆಯಬಹುದೇ ಎಂದು ಅವಳ ಅನುಮತಿ ಕೇಳಿದೆ. ಓದಿ ನೋಡಿದಳು. ಯಾವ ಪದವನ್ನೂ ತೆಗೆಯಲಿಲ್ಲ. ಅದರ ಪ್ರತಿ ಇಲ್ಲಿದೆ:

ಮಾನ್ಯ ನಿರ್ದೇಶಕರು, ಗುಡುಗು ಮುನ್ಸೂಚನಾ ಕೇಂದ್ರ, ಇವರ ಸನ್ನಿಧಿಗೆ.

ವಿಷಯ: ಆಲಿಕಲ್ಲು ಒಂದನ್ನು ಹಾಜರುಪಡಿಸುವ ಬಗ್ಗೆ.

ಮಾನ್ಯರೇ,

ನಿನ್ನೆ ತಮ್ಮ ಅಧಿಕಾರಿಯು ಎಳೆದ ಗೆರೆಯ ಒಳಗೆ, ನಮ್ಮ ಕಟ್ಟಡದ ಹಿಂದಿನ ಬಯಲಿನಲ್ಲಿ ಬಿದ್ದ ಕಲ್ಲೊಂದನ್ನು ನಾನು ಅಳೆದಿದ್ದೇನೆ. ಅಳೆದಾಗ ನಾಲ್ಕು ಸೆಂಟಿಮೀಟರು ಎಂಟು ಗೆರೆ ಇತ್ತು. ಅದಕ್ಕೆ ಮುನ್ನ ನಾನು ನಾಲ್ಕು ಮಹಡಿ ಹತ್ತಿ ಇಳಿಯುವವರೆಗೆ ಒಬ್ಬ ಸಜ್ಜನನ ಬೆಚ್ಚನೆಯ ಮುಷ್ಟಿಯಲ್ಲಿತ್ತು. ಬಿದ್ದಾಗ ಎಷ್ಟಿತ್ತೆಂಬುದು ನನಗೆ ತಿಳಿಯದು. ತಿಳಿದವರು ಲೆಕ್ಕ ಹಾಕಬೇಕಾಗಿ ಕೋರಿದೆ.

ತಾವು ಟೀ ಯಂತ್ರದ ಬಳಿ ವಿಚಾರಿಸಿದ ಮಹಾನುಭಾವ ನಾನೇ. ಏಪ್ರಿಲ್ ತಿಂಗಳ ಪ್ರಕಟಣೆಯಲ್ಲಿ ಹತ್ತರಲ್ಲಿ ಒಂದು ಇತ್ತು. ಅದನ್ನು ತೆಗೆದದ್ದು ಅಧಿಕಾರಿಯಲ್ಲ. ಅಂದು ಬಂದದ್ದು ಆ ಒಂದೇ. ಒಂದು ದಿನವನ್ನು ನೋಡಿ ಯಾರ ಅಂಕಿಯನ್ನೂ ತೂಗಲಾಗದೆಂದು ನನಗೆ ತಡವಾಗಿ ತಿಳಿಯಿತು. ತಮಗೆ ಮೊದಲೇ ತಿಳಿದಿರುವುದರಿಂದ ಹೆಚ್ಚು ಬರೆಯುವುದಿಲ್ಲ.

ನಾನು ಸದರಿ ಅಧಿಕಾರಿಯ ತಂದೆಯಾಗಿರುವುದರಿಂದ ನನ್ನ ಸಾಕ್ಷ್ಯವನ್ನು ಅದಕ್ಕೆ ತಕ್ಕಂತೆ ಕಡಿಮೆ ಮಾಡಿಕೊಂಡು ಓದಬೇಕಾಗಿ ಪ್ರಾರ್ಥನೆ.

ಇತಿ ತಮ್ಮ ವಿಶ್ವಾಸಿ,
(ಸಹಿ)
ಶುದ್ಧಪ್ರತಿ ಲೇಖಕ, ನಿವೃತ್ತ

ಲಗತ್ತು: ಆಲಿಕಲ್ಲು, ಒಂದು (ತಲುಪುವ ವೇಳೆಗೆ ಬಹುಶಃ ನೀರು).